ನೈಟ್ ಕೆರಿಯಪ್ಪನ ಹೆಂಟೆ ಮಣ್ಣು

ಎಲ್ಲಾ ಶುರುವಾದದ್ದು ಒಂದು ಹೆಂಟೆ ಮಣ್ಣಿನಿಂದ. ತೆಂಗಿನಕಾಯಿ ಗಾತ್ರದ್ದು. ದಾರಿಯಲ್ಲಿ ಬಿದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಎಡವಿದವನು ಮಾತ್ರ ಬೈದು ಹೋಗುತ್ತಿದ್ದ.

ಕೋಣಂದೂರಿನಾಚೆಯ ಹಾರೆಕೊಪ್ಪದಲ್ಲಿ ಅವತ್ತು ಶಾಲೆಯ ವಾರ್ಷಿಕೋತ್ಸವ. ಚರಿತ್ರೆ ಮೇಷ್ಟ್ರು ಕನ್ನಪ್ಪ ಬೆಳಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. ಅವರು ಶಾಲೆಗೆ ಸೇರಿದಾಗ ಟೆಂಪರರಿ. ಅವರು ಪಾಠ ಹೇಳಿದ ಹುಡುಗರು ಮೀಸೆ ಬಿಟ್ಟು, ಮದುವೆಯಾಗಿ, ಮಕ್ಕಳನ್ನು ಅದೇ ಶಾಲೆಗೆ ಸೇರಿಸುವ ಹೊತ್ತಿಗೂ ಟೆಂಪರರಿ. ಶಾಲಾ ಸಮಿತಿಯ ಅಧ್ಯಕ್ಷ ಸೀತಾರಾಮಪ್ಪಗೌಡರು ಈ ಸಲ ಕಡೆಗೂ ಬಾಯಿ ಬಿಟ್ಟಿದ್ದರು: "ನಾಟಕ ಚಂದ ಆದ್ರೆ ನಿಮ್ಮನ್ನ ಕಾಯಂ ಅಂತ ಸ್ಟೇಜ್ ಮೇಲೇ ಹೇಳಿಬಿಡ್ತೀನಿ ಮೇಷ್ಟ್ರೇ." ಚಂದ ಆಗದಿದ್ದರೆ ಏನು ಎಂದು ಗೌಡರು ಹೇಳಲಿಲ್ಲ. ಕನ್ನಪ್ಪ ಕೇಳಲೂ ಇಲ್ಲ.

ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿದ್ದ ಮಧ್ಯಯುಗದ ಯುರೋಪಿನ ಪಾಠವನ್ನೇ ಕನ್ನಪ್ಪ ನಾಟಕ ಮಾಡಿದ್ದರು. ಅದರಲ್ಲಿ ಒಬ್ಬ ಲಾರ್ಡ್, ಅಂದರೆ ದೊಡ್ಡ ಜಮೀನ್ದಾರ. ಒಬ್ಬ ನೈಟ್, ಅಂದರೆ ಕಬ್ಬಿಣದ ಅಂಗಿ ತೊಟ್ಟ ಕುದುರೆ ವೀರ. ನೈಟ್ ಬಂದು ಮೊಣಕಾಲೂರಿ, ಜೋಡಿಸಿದ ಕೈಗಳನ್ನು ಲಾರ್ಡಿನ ಅಂಗೈಗಳ ನಡುವೆ ಇಟ್ಟು, "ಇವತ್ತಿನಿಂದ ನಾನು ನಿಮ್ಮ ಆಳು" ಎನ್ನಬೇಕು. ಆಗ ಲಾರ್ಡು ಜಮೀನು ಕೊಟ್ಟ ಗುರುತಿಗೆ ಒಂದು ಹೆಂಟೆ ಮಣ್ಣನ್ನು ಅವನ ಕೈಗಿಡಬೇಕು. ಅಷ್ಟೇ.

ನಾಟಕದುದ್ದಕ್ಕೂ ಲಾರ್ಡು ಕೂತೇ ಇರುತ್ತಾನೆ, ಉಳಿದವರೆಲ್ಲ ಬಗ್ಗುತ್ತಾರೆ ಎಂದು ತಿಳಿದದ್ದೇ ತಡ, ಆ ಪಾರ್ಟನ್ನು ಗೌಡರು ತಾವೇ ತೆಗೆದುಕೊಂಡರು. ನೈಟನ ಪಾತ್ರಕ್ಕೆ, ತಮ್ಮ ಹೊಳೆಸಾಲು ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು ಕೆರಿಯಪ್ಪನನ್ನು ಹಾಕಿಸಿದರು.

"ಬಗ್ಗೋದು ಅವನಿಗೆ ಹೇಳಿಕೊಡೋದೇ ಬೇಡ. ನಿಮ್ಗೂ ಕೆಲ್ಸ ಕಡಿಮೆ" ಎಂದರು.

ಅವತ್ತು ಬೆಳಗ್ಗೆ ಕನ್ನಪ್ಪ ಕಾಗದ ಕಲಸಿ ಬಣ್ಣ ಬಳಿದ ಹೆಂಟೆಯನ್ನು ತೋರಿಸಿದಾಗ ಗೌಡರು ಮೂಗು ಮುರಿದರು.

"ಎಂತ ಮಾರಾಯ್ರೇ ಇದು, ಸಗಣಿ ಉಂಡೆಯಾ? ತೀರ್ಥಹಳ್ಳಿಯಿಂದ ಅಮಲ್ದಾರ್ರು ಬರ್ತಾ ಇದಾರೆ. ಅವರ ಎದುರಿಗೆ ನಾನು ಕಾಗದದ ಮಣ್ಣು ಕೊಡೋದಾ? ನಮ್ಮ ಹೊಳೆಸಾಲು ಗದ್ದೇದೇ ಅಗೆದು ತಗಂಡ್ಬನ್ನಿ. ಕೈಲಿ ಹಿಡಿದ್ರೆ ಗೌಡರ ಮಣ್ಣು ಅಂತ ಗೊತ್ತಾಗ್ಬೇಕು."

ಹೊಳೆಸಾಲು ಗದ್ದೆ ಗುಡ್ಡ ಇಳಿದು, ಹಳ್ಳಕ್ಕೆ ಹಾಕಿದ ಮರದ ಸಂಕ ದಾಟಿ, ಗೌಡರ ಹಾಯುವ ಹೋರಿಯನ್ನು ತಪ್ಪಿಸಿಕೊಂಡು ಹೋಗಬೇಕಾದ ಜಾಗ. ಕನ್ನಪ್ಪ ಹೊರಟರು. ಹೊರಟವರು ಒಂದು ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಹೆಂಟೆಯೊಂದಿಗೆ ವಾಪಸ್ಸು ಬಂದೂಬಿಟ್ಟರು. ಇಷ್ಟು ಬೇಗ ಹೇಗೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಹಿಂದೆಯೇ ಅವರ ಹೆಂಡತಿ ಯಮುನಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

"ರೀ, ನನ್ನ ಬಸಳೆ ಚಪ್ಪರದ ಬುಡ ಹೆಗ್ಗಣ ತೋಡಿ ಹಾಕಿದೆ. ಕುಂಬಳಕಾಯಿ ಗಾತ್ರದ ಗುಂಡಿ!"

"ಹೆಗ್ಗಣ ಅಂದ್ಮೇಲೆ ತೋಡ್ತದಪ್ಪ" ಎಂದು ಕನ್ನಪ್ಪ ಮಾಡಿನ ಹೆಂಚು ಎಣಿಸತೊಡಗಿದರು.

"ಗುದ್ದಲೀನೂ ಕಾಣ್ತಿಲ್ಲ."

"ದೊಡ್ಡ ಹೆಗ್ಗಣ ಇರ್ಬೇಕು."

"ನಮ್ಮಪ್ಪ ನಿಮ್ಮ ಹೆಸರಿಗೆ ಬರೆದುಕೊಟ್ಟ ಹಿತ್ತಲು ಅದು. ಲೋಕದಲ್ಲಿ ನಿಮ್ದು ಅಂತ ಇರೋದು ಅದೊಂದೇ. ಅದನ್ನೂ ಹೆಗ್ಗಣದ ಬಾಯಿಗೆ ಹಾಕ್ತೀರಾ?" ಎಂದು ಯಮುನಮ್ಮ ಹೋದರು.

ಮಧ್ಯಾಹ್ನ ಊಟವಾದ ಮೇಲೆ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕುರ್ಚಿಯಲ್ಲಿ ಅಮಲ್ದಾರರು. ಸ್ಟೇಜಿನ ಮೇಲೆ ಮೈಸೂರು ಪೇಟ ಸುತ್ತಿ, ಹೆಂಡತಿಯ ಧಾರೆ ಸೀರೆಯನ್ನು ನಿಲುವಂಗಿಯಂತೆ ಹೊದ್ದು, ಲಾರ್ಡ್ ಸೀತಾರಾಮಪ್ಪಗೌಡರು. ಅಷ್ಟರಲ್ಲಿ ನೈಟ್ ಪ್ರವೇಶಿಸಿದ. ಕುದುರೆಯ ಪಾರ್ಟು ಜವಾನ ಹುಲಿಯಪ್ಪನದು. ಅವನ ಬೆನ್ನಿಗೆ ಗೋಣಿ, ಹಿಂದೆ ತೆಂಗಿನ ನಾರಿನ ಬಾಲ. ಆರಡಿಯ ಕೆರಿಯಪ್ಪ ಹತ್ತಿ ಕೂತರೆ ಕುದುರೆ ಉಳಿಯುವುದಿಲ್ಲವೆಂದು ಅವನು ಪಕ್ಕದಲ್ಲೇ ನಡೆದು ಬಂದ. ಮೈಗೆ ಸೀಮೆಎಣ್ಣೆ ಡಬ್ಬ ಕತ್ತರಿಸಿ ಬಡಿದ ಕವಚ. ತಲೆಗೆ ಶಿರಸ್ತ್ರಾಣ ಸಿಗದೆ ಕನ್ನಪ್ಪ ಗೌಡರ ಕಣಜದ ಕೊಳಗವನ್ನೇ ಕವುಚಿ ಹಾಕಿದ್ದರು. ಪ್ರತಿ ಸುಗ್ಗಿಯಲ್ಲೂ ಕೆರಿಯಪ್ಪ ಗೇಣಿ ಭತ್ತ ಅಳೆದು ಸುರಿಯುತ್ತಿದ್ದ ಕೊಳಗ. ಅದು ಹುಬ್ಬಿನವರೆಗೂ ಇಳಿದು ಅಲ್ಲೇ ಕಚ್ಚಿಕೊಂಡಿತ್ತು.

ಕೆರಿಯಪ್ಪ ಮೊಣಕಾಲೂರಿದ. ಪಾತ್ರೆ ಅಂಗಡಿಯ ಗಾಡಿ ಮಗುಚಿದಂಥ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು. ಗೌಡರಿಗೆ ಅದು ತಮಗೇ ಬಿದ್ದ ಚಪ್ಪಾಳೆ ಅನ್ನಿಸಿತು. ಹೆಂಟೆಯನ್ನು ಎತ್ತಿ ಹಿಡಿದು ಗುಡುಗಿದರು:

"ಎಲೈ ನೈಟನೇ, ಈ ಭೂಮಿಯನ್ನು ನಿನಗೂ ನಿನ್ನ ಮಕ್ಕಳಿಗೂ ಕೊಟ್ಟಿದ್ದೇನೆ!"

ಮತ್ತೆ ಚಪ್ಪಾಳೆ.

"ಮೊಮ್ಮಕ್ಕಳಿಗೂ!" ಎಂದರು ಗೌಡರು. ಇದು ನಾಟಕದಲ್ಲಿ ಇರಲಿಲ್ಲ. ಶಿಳ್ಳೆ ಬಿತ್ತು. "ಮರಿಮಕ್ಕಳಿಗೂ!"

ಆಗ ಹೆಂಗಸರ ಸಾಲಿನಿಂದ ಕೆರಿಯಪ್ಪನ ಹೆಂಡತಿ ಗುತ್ಯಮ್ಮ ಎದ್ದು ನಿಂತಳು.

"ನೀರು ಬಿಡದೆ ಎಂತ ಕೊಡೋದು ಒಡೇರೇ? ಬರೀ ಬಾಯಲ್ಲಿ ಕೊಟ್ಟಿದ್ದು ನಾವು ಎಷ್ಟು ನೋಡಿಲ್ಲ!"

ಸಭೆ ಗೊಳ್ಳೆಂದಿತು. "ಹೌದೌದು, ಧಾರೆ ಆಗ್ಲಿ! ಧಾರೆ!" ಎಂದು ಕೂಗು ಎದ್ದಿತು. ಅಮಲ್ದಾರರೂ ನಗುತ್ತ ತಲೆಯಾಡಿಸಿದರು. ಗೌಡರು ಪೆಚ್ಚಾಗಿ ಪರದೆಯ ಕಡೆ ನೋಡಿದರು. ಪರದೆಯ ಹಿಂದಿದ್ದ ಕನ್ನಪ್ಪನವರಿಗೆ ಕಂಡದ್ದು ಒಂದೇ: ಕಾಯಂ ಕೆಲಸ ಜಾರಿ ಹೋಗುತ್ತಿದೆ. ಅಮಲ್ದಾರರಿಗೆಂದು ಇಟ್ಟಿದ್ದ ಕುಡಿಯುವ ನೀರಿನ ಚೊಂಬನ್ನು ಹಿಡಿದು ಓಡಿ ಬಂದು, ಹೆಂಟೆಯ ಮೇಲೆ, ಗೌಡರ ಕೈ ಮೇಲೆ, ಕೆರಿಯಪ್ಪನ ಬೊಗಸೆಗೆ ಧಾರಾಳವಾಗಿ ಸುರಿದರು. ಅಂಗಳ ಅಲ್ಲಾಡಿಹೋಯಿತು. ಅಮಲ್ದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿತ್ತು.

"ಭೇಷ್ ಮೇಷ್ಟ್ರೇ! ಒಂದ್ನಿಮಿಷ, ಈಗ್ಲೇ ಹೋಗಿ ನಿಮ್ದು ಹೇಳಿಬಿಡ್ತೀನಿ" ಎಂದು ಗೌಡರು ಪೇಟ ಸರಿಮಾಡಿಕೊಂಡರು. ಆಗಲೇ ಅವರ ಕಣ್ಣಿಗೆ ಬಿದ್ದದ್ದು, ಕೆರಿಯಪ್ಪ ಹೆಂಟೆಯನ್ನು ಟವೆಲ್ಲಿನಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದುದು.

"ಏ ಕೆರಿಯಪ್ಪ, ಅದನ್ನ ಇಟ್ಟು ಹೋಗೋ."

"ಕೊಟ್ರಲ್ಲ ಒಡೇರೇ" ಎಂದಿತು ಕೊಳಗದಡಿಯ ಧ್ವನಿ.

"ಅದು ನಾಟಕ ಮಾರಾಯ!"

"ನೀರು ನಾಟಕದ್ದಲ್ಲ, ಒದ್ದೆ ಐತೆ ನೋಡಿ. ಮಣ್ಣೂ ನಾಟಕದ್ದಲ್ಲ. ಹೊಳೆಸಾಲು ಗದ್ದೇದೇ ಬೇಕು ಅಂತ ಬೆಳಿಗ್ಗೆ ನೀವೇ ಹೇಳಿದ್ದು ಊರಿಗೆಲ್ಲ ಕೇಳೈತೆ."

ಗೌಡರ ಮುಖ ಸುಣ್ಣ ಬಳಿದಂತಾಯಿತು. ಗೇಣಿದಾರರಿಗೆ ಹಕ್ಕು ಕೊಡುವ ಕಾನೂನಿನ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಪೇಪರ್ ಬಂದ ದಿನ ಗೌಡರಿಗೆ ಊಟ ಸೇರುತ್ತಿರಲಿಲ್ಲ. ಹೊರಟು ನಿಂತಿದ್ದ ಅಮಲ್ದಾರರನ್ನು ಅವರು ಕೈ ಹಿಡಿದು ಒಳಗೆ ಎಳೆತಂದರು.

"ನಾಟಕದಲ್ಲಿ ಕೊಟ್ಟಿದ್ದಕ್ಕೆ ಕಾನೂನಲ್ಲಿ ಬೆಲೆ ಇಲ್ಲ ಬಿಡಿ" ಎಂದರು ಅಮಲ್ದಾರರು.

"ಕಾನೂನು ನಂಗೆ ತಿಳಿಯಲ್ಲ ಸ್ವಾಮಿ" ಎಂದ ಕೆರಿಯಪ್ಪ. "ನಾಳೆ ಲಾಂಚ್ ಹತ್ತಿ ಸಿಗಂದೂರಿಗೆ ಹೋಗ್ತೀನಿ. ಚೌಡಮ್ಮನ ಮುಂದೆ ಈ ಹೆಂಟೆ ಇಡ್ತೀನಿ. ಒಡೇರೂ ಬರ್ಲಿ. ನಾನು ಕೊಟ್ಟಿಲ್ಲ ಅಂತ ಅಮ್ಮನ ಮುಂದೆ ಹೇಳ್ಲಿ. ಹೇಳಿದ್ರೆ ಹೆಂಟೆ ಅಲ್ಲೇ ಬಿಟ್ಟು ಬರ್ತೀನಿ."

"ಅಲ್ಲಿ ನನ್ನ ಅಧಿಕಾರ ನಡೆಯಲ್ಲಪ್ಪ" ಎಂದು ಅಮಲ್ದಾರರು ಜೀಪು ಹತ್ತಿದರು.

ಭೂಮಿ ವಿಷಯದಲ್ಲಿ ಚೌಡಮ್ಮನ ಮುಂದೆ ಸುಳ್ಳು ಹೇಳಿದವರ ಗತಿ ಏನಾಗುತ್ತದೆಂದು ಗೌಡರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಸಿಟ್ಟೆಲ್ಲ ಕನ್ನಪ್ಪನವರ ಮೇಲೆ ತಿರುಗಿತು.

"ಏನ್ರೀ! ಎಲ್ಲಿಂದಲೋ ಲಾರ್ಡು ಗೀರ್ಡು ತಂದು ನನ್ನ ಗದ್ದೆ ತೊಳೆದ್ರಲ್ರೀ! ಆ ಹೆಂಟೆ ವಾಪಸ್ ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀವೂ ಶಾಲೆಗೆ ಬರಬೇಡಿ."

ಕನ್ನಪ್ಪ ಬೆವರೊರೆಸಿಕೊಂಡರು. ಮೊದಲು ಪಾಠವನ್ನೇ ಪ್ರಯೋಗಿಸಿ ನೋಡಿದರು.

"ಕೆರಿಯಪ್ಪ, ಸುಮ್ನೆ ನೈಟ್ ಆಗೋಕೆ ಆಗಲ್ಲ ಕಣಪ್ಪ. ಲಾರ್ಡು ಕರೆದಾಗ ಓಡಬೇಕು. ಅವನ ಮನೇಲಿ ಮದುವೆ ಆದ್ರೆ ಕಾಣಿಕೆ ಹೊರಬೇಕು. ಬೆಳೆದಿದ್ರಲ್ಲಿ ಪಾಲು ಕೊಡಬೇಕು. ಅವನು ಬಂದ್ರೆ ಎದ್ದು ನಿಲ್ಲಬೇಕು. ಬಾಳ ಕಷ್ಟ."

ಕೊಳಗದಡಿಯಿಂದ ನಗು ಡಬ್ಬದ ಸದ್ದಿನಂತೆ ಕೇಳಿತು.

"ಅದೆಲ್ಲ ನಮ್ಮಜ್ಜನ ಕಾಲದಿಂದ ಮಾಡ್ತಾನೇ ಇದೀವಲ್ಲ ಮೇಷ್ಟ್ರೇ. ಮಣ್ಣೊಂದು ಬಾಕಿ ಇತ್ತು."

ಬೇರೆ ದಾರಿ ಉಳಿಯಲಿಲ್ಲ. ಬೆಳಗ್ಗೆಯಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನು ಕನ್ನಪ್ಪ ಕಣ್ಣು ಮುಚ್ಚಿ ಕಕ್ಕಿದರು.

"ಗೌಡ್ರೇ, ತಪ್ಪಾಯ್ತು. ಆ ಹೆಂಟೆ ನಿಮ್ಮ ಗದ್ದೇದಲ್ಲ. ಹೋರಿ ಹಾಯ್ತದೆ ಅಂತ ಹೆದರಿ ನಾನು ಹೊಳೆಸಾಲಿಗೆ ಹೋಗ್ಲೇ ಇಲ್ಲ. ನಮ್ಮ ಹಿತ್ತಲಲ್ಲೇ, ಬಸಳೆ ಚಪ್ಪರದ ಬುಡದಲ್ಲಿ ಅಗೆದೆ."

ಮಳೆ ಬಿಟ್ಟು ಹೊಳವಾದ ಹಾಗೆ ಗೌಡರ ಮುಖ ಅರಳಿತು. ಕನ್ನಪ್ಪನವರನ್ನು ತಬ್ಬಿಕೊಂಡರು. "ಮೇಷ್ಟ್ರೇ, ನೀವು ದೇವರು ಕಣ್ರೀ! ನಿಮ್ಮಂಥ ಮೈಗಳ್ಳರು ಊರಿಗೊಬ್ಬರು ಇರಬೇಕು!"

ಕನ್ನಪ್ಪನವರೂ ನಕ್ಕರು. ನಗು ಇನ್ನೂ ಮೀಸೆ ದಾಟಿರಲಿಲ್ಲ, ಗುತ್ಯಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ಹಂಗಾದ್ರೆ ಹಿತ್ತಲು ನಮ್ಮದಾಯ್ತು ಅನ್ನಿ."

"ಎಂತದು?" ಎಂದರು ಕನ್ನಪ್ಪ.

"ಮಣ್ಣು ನಿಮ್ದು. ಅಗೆದು ತಂದೋರು ನೀವು. ಕೊಡಿ ಅಂತ ಒಡೇರಿಗೆ ಹೇಳಿಕೊಟ್ಟೋರು ನೀವು. ಕಡೆಗೆ ಚೊಂಬು ತಂದು ಧಾರೆ ಎರೆದೋರೂ ನೀವೇ. ಊರೆಲ್ಲ ನೋಡೈತೆ. ಅಲ್ಲ ಅನ್ನೋದಾದ್ರೆ ನಾಳೆ ಲಾಂಚಲ್ಲಿ ನೀವೂ ಬನ್ನಿ."

ಕನ್ನಪ್ಪ ಗೌಡರ ಕಡೆ ತಿರುಗಿದರು. "ಗೌಡ್ರೇ, ನಾಟಕ ಅಂತ ನೀವಾದ್ರೂ ಹೇಳಿ!"

"ನಾಟಕ ಆದ್ರೇನು?" ಗೌಡರ ಧ್ವನಿಯಲ್ಲಿ ಮತ್ತೆ ಲಾರ್ಡು ಬಂದು ಕೂತಿದ್ದ. "ಧಾರೆ ಅಂದ್ರೆ ಧಾರೆ. ಅಮಲ್ದಾರ್ರೇ ಎದ್ದು ನಿಂತು ಚಪ್ಪಾಳೆ ಹೊಡೆದಿದಾರೆ. ಕೊಟ್ಟ ಭೂಮಿ ವಾಪಸ್ ಕೇಳ್ತೀರಾ? ನೀವು ಓದಿದೋರು, ನಿಮಗೆ ನಾಚಿಕೆ ಆಗ್ಬೇಕು. ನಾನೇ ಸಾಕ್ಷಿ ಕೆರಿಯಪ್ಪ, ಬೇಕಾದ್ರೆ ಲಾಂಚ್ ಚಾರ್ಜೂ ನಂದೇ!"

ಗುಂಡಿ ತೋಡಿದ ಹೆಗ್ಗಣ ಯಾರೆಂದು ಅಷ್ಟು ಹೊತ್ತಿಗೆ ಯಮುನಮ್ಮನಿಗೂ ತಿಳಿದಿತ್ತು. ಕಿಟಕಿಯಾಚೆ ನಿಂತು ಅವರು ನೋಡಿದ ನೋಟಕ್ಕೆ ಕನ್ನಪ್ಪ ಮತ್ತೆ ಮಾಡಿನ ಹೆಂಚು ಎಣಿಸತೊಡಗಿದರು.

"ಹೆದರಬೇಡಿ ಮೇಷ್ಟ್ರೇ" ಎಂದ ಕೆರಿಯಪ್ಪ ಕರುಣೆಯಿಂದ. "ನಾವೇನು ನಿಮ್ಮನ್ನ ಎಬ್ಬಿಸಲ್ಲ. ನೀವೇ ಬಸಳೆ ಬೆಳ್ಕಳಿ. ಅರ್ಧ ನಮ್ಮನೆಗೆ ತಂದು ಹಾಕಿ. ಹಬ್ಬಕ್ಕೆ ಒಂದು ಕುಂಬಳಕಾಯಿ. ನಮ್ಮ ಹುಡುಗಿ ಮದುವೇಲಿ ಚಪ್ಪರ ಹಾಕೋಕೆ ಬಂದ್ರೆ ಸಾಕು."

"ಮತ್ತೆ... ನನ್ನ ಕಾಯಂ?" ಎಂದರು ಕನ್ನಪ್ಪ, ಗೌಡರ ಕಡೆ ನೋಡಿ.

"ಹೇಳಿದ ಕೆಲ್ಸಕ್ಕೆ ಹಿತ್ತಲು ದಾಟದೋರನ್ನ ಹೆಂಗೆ ಕಾಯಂ ಮಾಡ್ಲಿ? ಮುಂದಿನ ವರ್ಷ ನೋಡಣ. ಒಕ್ಕಲು ಅಂತೂ ಇವತ್ತೇ ಕಾಯಂ ಆದ್ರಲ್ಲ!"

ಕೆರಿಯಪ್ಪ ಲಾರ್ಡಿನ ಕುರ್ಚಿಯಲ್ಲಿ ಕೂತ. ಕವಚ ಕಿರುಗುಟ್ಟಿತು. ಎರಡೂ ಅಂಗೈಗಳನ್ನು ಅಗಲಿಸಿ ಮುಂದೆ ಚಾಚಿದ. ಕನ್ನಪ್ಪ ಸುಮ್ಮನೆ ಕೈ ಜೋಡಿಸಿ ಅವುಗಳ ನಡುವೆ ಇಟ್ಟರು.

"ಹಂಗಲ್ಲ ಮೇಷ್ಟ್ರೇ" ಎಂದ ಕೆರಿಯಪ್ಪ. "ಮೊಣಕಾಲು ಊರಿ. ನೀವೇ ಹೇಳಿಕೊಟ್ಟಿದ್ದು."

ಕನ್ನಪ್ಪ ಮೊಣಕಾಲೂರಿದರು. ಮೂಲೆಯಲ್ಲಿ ಇನ್ನೂ ಬಾಲ ಬಿಚ್ಚದೆ ನಿಂತಿದ್ದ ಹುಲಿಯಪ್ಪ ಎರಡನೇ ಅಂಕ ಶುರುವಾಯಿತೆಂದು ಚಪ್ಪಾಳೆ ತಟ್ಟಿದ. ಆ ಸದ್ದಿಗೋ ಏನೋ, ಮಧ್ಯಾಹ್ನದಿಂದ ಕಚ್ಚಿಕೊಂಡಿದ್ದ ಕೊಳಗ ಕೆರಿಯಪ್ಪನ ತಲೆಯಿಂದ ತಾನಾಗಿಯೇ ಸಡಿಲಾಯಿತು. ಅವನು ಅದನ್ನು ತೆಗೆದು, ಒಳಗಿನ ಬೆವರನ್ನು ಟವೆಲ್ಲಿನಲ್ಲಿ ಚೆನ್ನಾಗಿ ಒರೆಸಿ, ಕನ್ನಪ್ಪನವರ ತಲೆಯ ಮೇಲೆ ಜೋಪಾನವಾಗಿ ಕವುಚಿದ.

ಅದು ಅವರಿಗೆ ಅಳತೆ ಹಿಡಿದು ಮಾಡಿಸಿದಂತೆ ಕೂತಿತು.