ಹದ್ದು ಮೇಷ್ಟ್ರ ಅಭ್ಯಾಸಬಲ

ಬೇಸಿಗೆ ರಜೆ ಇದೆಯಲ್ಲಾ ಎಂದು ಮೇಷ್ಟ್ರುಗಳನ್ನು ಕಂಡು ಲೋಕವೆಲ್ಲ ಹೊಟ್ಟೆ ಉರಿದುಕೊಳ್ಳುತ್ತದೆ. ಆ ಲೋಕ ಒಮ್ಮೆ ಹದ್ದು ಮೇಷ್ಟ್ರ ಹೆಂಡತಿಯನ್ನು ಹೋಗಿ ಮಾತನಾಡಿಸಬೇಕಿತ್ತು. ಆಕೆ ಮೂರು ಬೇಸಿಗೆಯಿಂದ ಅಕ್ಕನ ಮನೆಯ ಕಡೆ ತಲೆ ಹಾಕಿಲ್ಲ. ಕುಕ್ಕರನ್ನು ಮನಸಾರೆ ಕೂಗಿಸಿಲ್ಲ. ಮಿಕ್ಸಿ ತಿರುಗಿಸಬೇಕಾದರೆ ಹಾಲ್‌ಗೆ ಬಂದು ಮೌಖಿಕ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಯಾಕೆಂದರೆ ಮನೆಯ ಯಜಮಾನರು ಐವತ್ತು ಸಮೀಪಿಸಿದ ಮೇಲೆ ವಿಶ್ವವಿದ್ಯಾಲಯದ ಬೇಸಿಗೆ ತರಗತಿಗೆ ಸೇರಿ ಪದವಿ ಸಂಪಾದಿಸುತ್ತಿದ್ದರು.

"ಸಂಪಾದನೆ ಅಂದ್ರೆ ಮನೆಗೆ ಏನಾದ್ರೂ ಬರ್ಬೇಕು. ಇದು ಎಂಥ ಸಂಪಾದನೇರೀ, ಇದ್ದ ನೆಮ್ಮದೀನೂ ಹೋಯ್ತು!" ಎಂದು ಆಕೆ ಒಗ್ಗರಣೆಯ ಸದ್ದಿನ ಮರೆಯಲ್ಲಿ ಹೇಳುತ್ತಿದ್ದರು. (ಒಗ್ಗರಣೆಗೆ ಅನುಮತಿ ಬೇಕಿರಲಿಲ್ಲ. ಅದರ ಘಮ ಜ್ಞಾಪಕಶಕ್ತಿಗೆ ಒಳ್ಳೆಯದು ಎಂದು ಯಜಮಾನರೇ ವಿನಾಯಿತಿ ಕೊಟ್ಟಿದ್ದರು.)

"ಗಲಾಟೆ ಮಾಡ್ಬೇಡ ಕಣೇ. ಇದೊಂದು ಬೇಸಿಗೆ ತಡ್ಕೋ. ಆಮೇಲೆ ನೀನು ಹೆಡ್‌ಮಾಸ್ಟರ್ ಹೆಂಡ್ತಿ!"

ವಿಷಯ ಇದ್ದದ್ದೇ ಅಲ್ಲಿ. ಶಾಲೆಯ ಹೆಡ್‌ಮಾಸ್ಟರು ಈ ವರ್ಷ ನಿವೃತ್ತರಾಗುವವರಿದ್ದರು. ಆ ಪದವಿ ಸಿಗಬೇಕಾದರೆ ಈ ಪದವಿ ಇರಬೇಕು. ಸೇವಾ ಹಿರಿತನದಲ್ಲಿ ಮೇಷ್ಟ್ರನ್ನು ಮೀರಿಸುವವರಿಲ್ಲ, ಆದರೆ ಡಿಗ್ರಿ ಇಲ್ಲ. ಅವರು ಪಾಸಾಗದಿದ್ದರೆ ಕುರ್ಚಿ ಅವರದೇ ಹಳೆಯ ಶಿಷ್ಯನೊಬ್ಬನಿಗೆ ಹೋಗುತ್ತಿತ್ತು. ಒಂದನೇ ಕ್ಲಾಸಿನಲ್ಲಿ ತಾವೇ ಮೂಗು ಒರೆಸಿ ಕೂರಿಸಿದ ಹುಡುಗನ ಎದುರು ನಿಂತು ರಜಾ ಚೀಟಿ ಕೊಡುವುದನ್ನು ನೆನೆಸಿಕೊಂಡರೆ ಮೇಷ್ಟ್ರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇನ್ನು ಹದ್ದು ಎಂಬ ಬಿರುದಿನ ವಿಚಾರ. ಅದನ್ನು ದಯಪಾಲಿಸಿದವರು ವಿದ್ಯಾರ್ಥಿಗಳು. ಕಾಲು ಶತಮಾನದಿಂದ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮಾಡುತ್ತ ಬಂದ ಮೇಷ್ಟ್ರ ಕಣ್ಣು ತಪ್ಪಿಸಿ ಒಂದು ಚೀಟಿಯೂ ಸಾಕ್ಸ್‌ನಿಂದ ಮೇಲೆ ಬಂದಿದ್ದಿಲ್ಲ. ಈ ಹದ್ದಿನ ಎದುರು ಹದ್ದು ಮೀರಿದವರು ಯಾರೂ ಇಲ್ಲ. ನಿಯಮಾವಳಿಯಂತೂ ಅವರಿಗೆ ಕಂಠಪಾಠ. ಉಪನಿಯಮ ಕೇಳಿದರೆ ಅಡಿಟಿಪ್ಪಣಿಯನ್ನೂ ಸೇರಿಸಿ ಒಪ್ಪಿಸುತ್ತಿದ್ದರು. ಅಷ್ಟೇ ಚೆನ್ನಾಗಿ ಪಾಠವೂ ನೆನಪಿದ್ದಿದ್ದರೆ ಮೊದಲನೇ ಬೇಸಿಗೆಯ ಅರ್ಥಶಾಸ್ತ್ರವನ್ನು ಎರಡನೇ ಬೇಸಿಗೆಯಲ್ಲಿ ಮತ್ತೆ ಬರೆಯಬೇಕಾಗಿರಲಿಲ್ಲ.

ಅಂತೂ ಮೂರನೇ ಬೇಸಿಗೆಯ ಕೊನೆಯ ಪತ್ರಿಕೆ ಬಂತು. ಮನಶ್ಶಾಸ್ತ್ರ. ಮೇಷ್ಟ್ರು ರಟ್ಟಿನ ಪರೀಕ್ಷಾ ಪ್ಯಾಡು ಕಂಕುಳಲ್ಲಿಟ್ಟುಕೊಂಡು ಹೊರಟರು. ಆಶ್ಚರ್ಯವೆಂದರೆ, ಓದಿದ್ದೇ ಬಂದಿತ್ತು! ಬರೆದರು, ಬರೆದರು, ಹೆಚ್ಚುವರಿ ಹಾಳೆ ಕೇಳಿ ಬರೆದರು, ದಾರ ಕಟ್ಟಿದರು. ತಲೆ ಎತ್ತಿದರೆ ಇನ್ನೂ ಹೊತ್ತಿತ್ತು. ತಪ್ಪಾಗಿದ್ದು ಅಲ್ಲೇ. ಅವರು ತಲೆ ಎತ್ತಬಾರದಿತ್ತು.

ಕೊಠಡಿಯ ಮೇಲ್ವಿಚಾರಕ ಇನ್ನೂ ಮೀಸೆ ಸರಿಯಾಗಿ ಬಲಿಯದ ಯುವಕ. ಕಿಟಕಿಗೆ ಒರಗಿ ಮೊಬೈಲಿನಲ್ಲಿ ಮುಳುಗಿದ್ದ. ಆ ಮೂಲೆಯಲ್ಲಿ ಪಿಸುಮಾತು, ಈ ಮೂಲೆಯಲ್ಲಿ ಕತ್ತು ಚಾಚುವಿಕೆ. ಮೇಷ್ಟ್ರ ಕಾಲು ತುರಿಸತೊಡಗಿತು. ಒಂದು ಕಾಲನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿದರು. ಅಷ್ಟರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು ನೋಡಿ, ಅವರು ಏಳಲಿಲ್ಲ, ದೇಹ ತಾನಾಗಿ ಪ್ಯಾಡನ್ನು ಕಂಕುಳಿಗೇರಿಸಿ ಎದ್ದು ನಿಂತಿತು.

"ಇನ್ನು ಐದೇ ನಿಮಿಷ! ಹೆಚ್ಚುವರಿ ಹಾಳೆ ಇರೋರು ದಾರ ಕಟ್ಟಿ! ನೋಂದಣಿ ಸಂಖ್ಯೆ ಬರೆದಿದ್ದೀರಾ ನೋಡ್ಕೊಳ್ಳಿ! ಏ, ನೀಲಿ ಶರ್ಟು, ಕತ್ತು ನೆಟ್ಟಗೆ!"

ನೀಲಿ ಶರ್ಟಿನ ಕತ್ತು ನೆಟ್ಟಗಾಯಿತು. ಮಿಕ್ಕವರ ಕತ್ತೂ ನೆಟ್ಟಗಾಯಿತು. ಯುವಕ, ಇವರು ಯಾರೋ ತನಿಖಾ ದಳದವರೇ ಇರಬೇಕು ಎಂದು ಹೆದರಿ ಮೊಬೈಲನ್ನು ಜೇಬಿಗಿಳಿಸಿ ಸೆಟೆದು ನಿಂತ. ಕೊನೆಯ ಗಂಟೆ ಬಾರಿಸಿದಾಗ "ಪೆನ್ನು ಕೆಳಗೆ!" ಎಂದು ಗುಡುಗಿ, ಮೇಷ್ಟ್ರು ಸಾಲು ಸಾಲಾಗಿ ಉತ್ತರಪತ್ರಿಕೆಗಳನ್ನು ಸಂಗ್ರಹಿಸಿ, ಸಂಖ್ಯೆಯ ಪ್ರಕಾರ ಜೋಡಿಸಿ, ಅಂಚು ತಟ್ಟಿ, ಕಟ್ಟು ಕಟ್ಟಿದರು. ಮೂರನೇ ಸಾಲಿನಲ್ಲಿ ಒಂದು ಬೆಂಚು ಖಾಲಿ ಕಾಣಿಸಿತು. ಕಟ್ಟಿನ ಮೇಲೆ ಮುದ್ದಾಗಿ "ಗೈರುಹಾಜರು: ಒಬ್ಬರು" ಎಂದು ಬರೆದು ಯುವಕನ ಕೈಗಿಟ್ಟರು.

"ಥ್ಯಾಂಕ್ಸ್ ಸರ್," ಎಂದ ಅವನು, ಕೈ ಮುಗಿದು.

ಮೇಷ್ಟ್ರು ಪ್ಯಾಡನ್ನು ಕಂಕುಳಲ್ಲಿ ಒತ್ತಿಕೊಂಡು ಎದೆಯುಬ್ಬಿಸಿ ಮನೆಗೆ ಬಂದರು. ಮನೆಯಲ್ಲಿ ಸ್ವಾತಂತ್ರ್ಯ ಘೋಷಣೆಯಾಗಿತ್ತು. ಕುಕ್ಕರು ಎಣಿಕೆಯಿಲ್ಲದೆ ಕೂಗುತ್ತಿತ್ತು, ಮಿಕ್ಸಿ ಗರಗರ ಎನ್ನುತ್ತಿತ್ತು, ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಕೂತಿತ್ತು.

"ಹೇಗಾಯ್ತೂಂದ್ರೆ?"

"ಫಸ್ಟ್ ಕ್ಲಾಸು! ಹೆಡ್‌ಮಾಸ್ಟರ್ ಹೆಂಡ್ತಿಯವರೇ, ಒಂದು ಲೋಟ ನೀರು ಕೊಡೋಣವಾಗಲಿ!"

ಆಕೆ ನಗುತ್ತಾ ನೀರು ಕೊಟ್ಟು ಪ್ಯಾಡನ್ನು ತೆಗೆದುಕೊಂಡರು. ಇನ್ನು ಈ ಶನಿ ಅಟ್ಟ ಸೇರಲಿ ಎಂದು ಸೆರಗಿನಿಂದ ಒರೆಸಹೊರಟವರು ತಡೆದು ನಿಂತರು.

"ಅಲ್ಲಾರೀ, ಪ್ರಶ್ನೆಪತ್ರಿಕೆ ಇಷ್ಟು ದಪ್ಪ ಇರುತ್ತಾ? ದಾರ ಬೇರೆ ಕಟ್ಟಿದೆ."

ಮೇಷ್ಟ್ರ ಕೈಯಲ್ಲಿದ್ದ ನೀರು ಅಂಗಿಯ ಮೇಲೆ ಬಂತು. ಆ ಖಾಲಿ ಬೆಂಚು ಯಾರದೆಂದು ಅವರಿಗೆ ಆಗ ಹೊಳೆಯಿತು.

ಮುಂದಿನದೆಲ್ಲ ಸ್ಕೂಟರಿನ ಮೇಲೆ. ಹಿಂದೆ ಕೂತ ಹೆಂಡತಿ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟರು. "ಕೈ ಮುಗೀರಿ. ತಪ್ಪಾಯ್ತು ಅನ್ನಿ. ಅಷ್ಟೇ. ಬೇರೆ ಒಂದಕ್ಷರ ಮಾತಾಡಬೇಡಿ, ನಿಮ್ಮ ದಮ್ಮಯ್ಯ."

ಪರೀಕ್ಷಾ ಕಚೇರಿಯಲ್ಲಿ ಸಿಬ್ಬಂದಿಯೆಲ್ಲ ಸುತ್ತ ನೆರೆದಿದ್ದರು, ಯುವಕ ಅಳುವುದೊಂದು ಬಾಕಿ. ಮೇಜಿನ ಹಿಂದೆ ಮುಖ್ಯ ಅಧೀಕ್ಷಕಿ ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಕೂತಿದ್ದರು. "ಹಾಜರಿ ಹಾಳೇಲಿ ಎಲ್ಲರ ಸಹಿ ಇದೆ. ಕಟ್ಟಿನ ಮೇಲೆ ಒಬ್ಬರು ಗೈರುಹಾಜರು. ಸಹಿ ಹಾಕಿ ಮಾಯ ಆಗೋದು ಹೇಗಪ್ಪಾ?"

"ಮೇಡಂ, ಇವ್ರೇ! ಕಟ್ಟು ಕಟ್ಟಿದ ಸರ್ ಇವ್ರೇ!"

ಅಧೀಕ್ಷಕಿ ಗೌರವದಿಂದ ಎದ್ದು ನಿಂತರು. "ಬನ್ನಿ ಸರ್, ಕೂತ್ಕೊಳ್ಳಿ. ಇಷ್ಟು ಅಚ್ಚುಕಟ್ಟಾದ ಕಟ್ಟು ನಾನು ನೋಡೇ ಇಲ್ಲ. ನೀವೇ ಒಂದು ದಾರಿ ಹೇಳಿ, ಅನುಭವಸ್ಥರು. ಯಾರೋ ಪಾಪ, ಗಾಬರೀಲಿ ಉತ್ತರಪತ್ರಿಕೇನ ಹೊರಗೆ ತಗೊಂಡು ಹೋಗಿದ್ದಾರೆ ಅನ್ಸುತ್ತೆ. ಈಗ ತಂದುಕೊಟ್ರೆ ತಗೊಂಡುಬಿಡೋಣ ಅಂತ ನನ್ನ ಮನಸ್ಸು. ಕಟ್ಟಿಗೆ ಇನ್ನೂ ಸೀಲ್ ಬಿದ್ದಿಲ್ಲ. ತಗೋಬಹುದಲ್ವಾ?"

ಹೆಂಡತಿ ಮೇಷ್ಟ್ರ ಕಾಲನ್ನು ಬಲವಾಗಿ ತುಳಿದರು. ಕಾಲು ಸುಮ್ಮನಿತ್ತು. ಬಾಯಿ ಸುಮ್ಮನಿರಲಿಲ್ಲ.

"ಸರ್ವಥಾ ಕೂಡದು ಮೇಡಂ!" ಮೇಷ್ಟ್ರು ಮೇಜು ಕುಟ್ಟಿದರು. "ಕೊಠಡಿಯ ಹೊಸ್ತಿಲು ದಾಟಿದ ಉತ್ತರಪತ್ರಿಕೆ ಉತ್ತರಪತ್ರಿಕೆಯೇ ಅಲ್ಲ! ಅಭ್ಯರ್ಥಿ ಎಷ್ಟೇ ಗೋಗರೆದರೂ ಪರಿಗಣಿಸತಕ್ಕದ್ದಲ್ಲ! ಉಪನಿಯಮದಲ್ಲಿ..."

ಉಪನಿಯಮದ ಹತ್ತಿರ ಬಂದಾಗ ದನಿ ಬತ್ತಿಹೋಯಿತು. ಹೆಂಡತಿ ನಿಟ್ಟುಸಿರು ಬಿಟ್ಟು, ಅವರ ಕಂಕುಳಿನಿಂದ ಪ್ಯಾಡನ್ನು ಎಳೆದು ಮೇಜಿನ ಮೇಲಿಟ್ಟರು. "ಇದೇ ಮೇಡಂ ಅದು. ಇವ್ರದ್ದೇ."

ಅಧೀಕ್ಷಕಿ ನೋಂದಣಿ ಸಂಖ್ಯೆ ನೋಡಿದರು, ಮೇಷ್ಟ್ರನ್ನು ನೋಡಿದರು. ಅವರಿಗೆ ನಿಜಕ್ಕೂ ಸಂಕಟವಾಯಿತು. "ಅಯ್ಯೋ ಸರ್, ನೀವೇ ಹೇಳಿಬಿಟ್ರಲ್ಲ. ಇಷ್ಟು ಜನರ ಮುಂದೆ ನಿಯಮ ಕೇಳಿಸ್ಕೊಂಡ ಮೇಲೆ ನಾನು ಹೇಗೆ ತಗೊಳ್ಳಲಿ?" ಸುಮ್ಮನೆ ಒಂದೆರಡು ಹಾಳೆ ತಿರುವಿದರು. ಅಭ್ಯಾಸಬಲ ಎಂದರೇನು, ಉದಾಹರಣೆಯೊಂದಿಗೆ ವಿವರಿಸಿ ಎಂಬ ಪ್ರಶ್ನೆಗೆ ಮೇಷ್ಟ್ರು ಬಲಗೈಯಲ್ಲಿ ಹಲ್ಲುಜ್ಜುವುದನ್ನು ಬರೆದಿದ್ದರು. "ಉತ್ತರ ಬಹಳ ಚೆನ್ನಾಗಿದೆ. ಉದಾಹರಣೆ ಮಾತ್ರ ಇನ್ನೂ ಒಳ್ಳೇದು ಸಿಕ್ತಿತ್ತು."

ಹೊರಗೆ ಬಂದ ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಹೆಡ್‌ಮಾಸ್ಟರ ಕುರ್ಚಿ ಕಣ್ಣೆದುರೇ ಶಿಷ್ಯನ ಕಡೆಗೆ ಸರಿದುಹೋದಂತಾಯಿತು. ಹೆಂಡತಿ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದವರು. ಆದರೆ ಆ ಒದ್ದೆ ಅಂಗಿ, ಇಳಿಬಿದ್ದ ಭುಜ ನೋಡಿ ಜಗಳ ಮರೆತುಹೋಯಿತು. ಮೂರು ಬೇಸಿಗೆ ಹಾಳೆ ಮೇಲೆ ಬಗ್ಗಿ ಬಗ್ಗಿ ಮುದುಕರಾಗಿಬಿಟ್ಟಿದ್ದಾರೆ ಅನಿಸಿತು. ಪಕ್ಕದಲ್ಲೇ ಕೂತರು.

"ನಿನ್ನ ಅಕ್ಕನ ಮನೆ..." ಎಂದರು ಮೇಷ್ಟ್ರು, ಕ್ಷೀಣವಾಗಿ.

"ಅಕ್ಕ ಎಲ್ಲೂ ಓಡಿಹೋಗಲ್ಲ. ಒಂದೇ ಪತ್ರಿಕೆ ತಾನೆ? ಮುಂದಿನ ಬೇಸಿಗೆ ಬರೀರಿ. ಒಂದು ವರ್ಷ ಆ ಹುಡುಗ ಕೂತಿರಲಿ ಕುರ್ಚೀಲಿ, ಸವೆದೇನೂ ಹೋಗಲ್ಲ. ಆದರೆ ನಿಮ್ಮನ್ನ ಒಬ್ಬರನ್ನೇ ಕಳಿಸೋಳಲ್ಲ ನಾನು. ನಾನೂ ಕ್ಲಾಸಿಗೆ ಸೇರ್ತೀನಿ. ಡಿಗ್ರಿ ಯಾರಿಗೆ ಬೇಕು! ನಿಮ್ಮ ಹಿಂದಿನ ಬೆಂಚಲ್ಲಿ ಕೂತು, ನೀವು ಎದ್ದ ತಕ್ಷಣ ಅಂಗಿ ಹಿಡಿದು ಕೂರಿಸ್ತೀನಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಇಂಥ ಹೆಂಡತಿಗೆ ತಾವು ಮಿಕ್ಸಿಯನ್ನೂ ಸರಿಯಾಗಿ ತಿರುಗಿಸಲು ಬಿಡಲಿಲ್ಲವಲ್ಲ ಎಂದು ನೊಂದುಕೊಂಡರು. ಏನಾದರೂ ಪ್ರೀತಿಯ ಮಾತು ಹೇಳಬೇಕೆಂದು ಆಕೆಯ ಕೈ ಹಿಡಿದುಕೊಂಡರು.

"ಅದಕ್ಕೆ ಅವಕಾಶ ಇಲ್ಲ ಕಣೇ," ಎಂದರು ಗದ್ಗದವಾಗಿ. "ಒಬ್ಬ ಅಭ್ಯರ್ಥಿ ಇನ್ನೊಬ್ಬ ಅಭ್ಯರ್ಥೀನ ಮುಟ್ಟಿದರೆ ಇಬ್ಬರೂ ಡಿಬಾರ್."