ಅಥೆನ್ಸಿನ ಅಮೃತಶಿಲೆಯ ಪೌರರಿಗೆ ಮಲಾಜಿನಿಂದ

ಮಾನ್ಯರೇ,

ಪುರಾತನ ಅಥೆನ್ಸ್ ನಗರದ ಸಂಭಾವಿತ ಪೌರರೂ, ಸದ್ಯ ರಿಯಾದಿನ ಪ್ರದರ್ಶನ ಮಂದಿರದ ಹವಾನಿಯಂತ್ರಿತ ಅತಿಥಿಗಳೂ ಆದ ತಮ್ಮ ಅಮೃತಶಿಲೆಯ ಪಾದಗಳಿಗೆ ಇದೇ ಊರಿನ ಮಲಾಜ್ ಬಡಾವಣೆಯ ನಿವಾಸಿ ನಳಿನಾಕ್ಷಿ ಮಾಡುವ ವಂದನೆಗಳು. ಇಲ್ಲಿನ ಸೆಕೆ ತಮ್ಮವರೆಗೆ ಬರುವುದಿಲ್ಲವೆಂದು ತಿಳಿದು ಸಮಾಧಾನವಾಯಿತು.

ನನ್ನ ಗಂಡ ಸುಜಿತ್ ತಮಗೆ ಪರಿಚಯವಿರಲಿಕ್ಕಿಲ್ಲ. ತಾವು ನಿಂತಿರುವ ಪೀಠವನ್ನು ಕಟ್ಟಿ, ತಮ್ಮನ್ನು ಪೆಟ್ಟಿಗೆಯಿಂದ ಎತ್ತಿ ಅದರ ಮೇಲೆ ನಿಲ್ಲಿಸಿದ ಗುಂಪಿನ ಫೋರ್‌ಮನ್ ಅವರು. ಉದ್ಘಾಟನೆಗೆ ಅವರಿಗೆ ಆಹ್ವಾನವಿರಲಿಲ್ಲ. ಆ ಹೊತ್ತಿಗೆ ಅಲ್ ಖರ್ಜ್‌ನ ಡೇರಿಯೊಂದರಲ್ಲಿ ಶೆಡ್ ಕಟ್ಟುತ್ತಿದ್ದರು. ತಾವು ಮಾತ್ರ ತಪ್ಪದೆ ಹಾಜರಿದ್ದಿರೆಂದು ಕೇಳಿ ಸಂತೋಷವಾಯಿತು.

ಕಳೆದ ತಿಂಗಳು ನಮ್ಮ ಮಗಳು ಅನಿಷಾ ಶಾಲೆಯವರೊಂದಿಗೆ ತಮ್ಮ ದರ್ಶನಕ್ಕೆ ಬಂದಿದ್ದಳು. ಅಲ್ಲಿನ ಮಾರ್ಗದರ್ಶಿ ಫರಾ ಎಂಬ ಯುವತಿ ಚೆನ್ನಾಗಿ ವಿವರಿಸಿದರಂತೆ: ತಾವು ಬಲಗೈಯನ್ನು ಮೇಲುವಸ್ತ್ರದೊಳಗೆ ಮಡಚಿಟ್ಟಿರುವುದು ಚಳಿಗಲ್ಲ, ದುಡಿಯುವ ಅಗತ್ಯವಿಲ್ಲದೆ ಸಭೆಯಲ್ಲಿ ಸಂಯಮದಿಂದ ಮಾತಾಡುವ ಪೌರ ಹೇಗಿರಬೇಕೆಂದು ಊರಿಗೆ ತೋರಿಸಲು, ಗೋರಿಕಲ್ಲುಗಳಲ್ಲಿ ಯಜಮಾನಿಯನ್ನು ದೊಡ್ಡದಾಗಿ, ದಾಸಿಯನ್ನು ಪುಟ್ಟದಾಗಿ ಕೆತ್ತುತ್ತಿದ್ದುದೂ ಹೀಗೆಯೇ ಯಾರು ಯಾರೆಂದು ತಿಳಿಸಲು, ಆದರೆ ಕೆತ್ತಿದವರಲ್ಲಿ ಅನೇಕರು ಪರವೂರಿನವರು, ತೆರಿಗೆ ಕಟ್ಟಿ, ಒಬ್ಬ ಪೌರನ ಜಾಮೀನಿನಲ್ಲಿ ಅಲ್ಲಿ ಬದುಕಿ, ಎಂದೂ ಪೌರರಾಗದೆ ಉಳಿದವರು.

"ಅವರಿಗೂ ಕಫೀಲ್ ಇದ್ನಾ? ನನ್ನ ಪಪ್ಪನಿಗೂ ಉಂಟು" ಎಂದು, ಇಲ್ಲಿ ನಮಗೆ ಜಾಮೀನು ನಿಲ್ಲುವ ಯಜಮಾನನ ನೆನಪಾಗಿ, ಅನಿಷಾ ಕೇಳಿದಳಂತೆ. ಶಿಕ್ಷಕಿಯರು ಮಕ್ಕಳನ್ನು ಮುಂದಿನ ಪ್ರತಿಮೆಯತ್ತ ನಡೆಸಿದರು. ಹೊರಡುವ ಮುಂಚೆ ಅವಳು 'ಪೀಠ ಕಟ್ಟಿದವರು: ಸುಜಿತ್, ಕಾಪು' ಎಂದು ಚೀಟಿ ಬರೆದು ತಮ್ಮ ಕಾಲಬುಡದ ಪೀಠಕ್ಕೆ ಅಂಟಿಸಿದಳು.

ಅದು ಪುರಾತನ ವಸ್ತುವಿಗೆ ಎಸಗಿದ ಅಪಚಾರವೆಂದು ಶಾಲೆಯವರು ತೀರ್ಮಾನಿಸಿ, ಕ್ಷಮೆ ಬರೆದುಕೊಡುವ ತನಕ ತರಗತಿಗೆ ಬರಬಾರದೆಂದರು. ಆ ಪೀಠದ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅನಿಷಾ ಬರೆಯಲಿಲ್ಲ. ಸುದ್ದಿ ಕಂಪನಿಗೆ ಮುಟ್ಟಿದರೆ ಇಲ್ಲಿನ ವಾಸದ ಪರವಾನಗಿಯಾದ ಇಕಾಮಾದ ನವೀಕರಣಕ್ಕೇ ಕುತ್ತೆಂದು ಸುಜಿತ್ ಊಟ ಬಿಟ್ಟರು. "ನನ್ನ ಹೆಸರು ಎಂತಕ್ಕೆ ಹಾಕಿದ್ದು ಮಗಾ? ಹೆಸರು ಕಾಣದಿದ್ರೇ ನಮಗೆ ಇಲ್ಲಿ ಕ್ಷೇಮ" ಎಂದರು. ಆಮೇಲೆ ಅವಳು ಅಪ್ಪನೊಡನೆ ಮಾತು ಬಿಟ್ಟಳು.

ವಿಷಯ ತಿಳಿದ ಫರಾ, ತಮ್ಮ ಕಲ್ಲಿಗಾಗಲಿ ಪೀಠಕ್ಕಾಗಲಿ ಏನೂ ಹಾನಿಯಾಗಿಲ್ಲವೆಂದು ಸ್ವತಃ ಶಾಲೆಗೆ ಫೋನ್ ಮಾಡಿದರು. ಕ್ಷಮೆಯ ಮಾತು ಅಲ್ಲಿಗೆ ನಿಂತಿತು. ನಮ್ಮನ್ನೂ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಸುಜಿತ್‌ರನ್ನು ತಮ್ಮ ಪೀಠದ ಪಕ್ಕ ನಿಲ್ಲಿಸಿ ಫೋಟೋ ತೆಗೆಯಹೊರಟಾಗ, ಅವರು ಬಿರುಕುಬಿಟ್ಟ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದರು. ಅನಿಷಾ ಹೋಗಿ ಬಲಗೈಯನ್ನು ಹೊರಗೆಳೆದು, ಫೋಟೋ ಮುಗಿದ ಮೇಲೂ ಬಿಡದೆ ಹಿಡಿದುಕೊಂಡಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ನಿಂತಲ್ಲೇ ಇಷ್ಟು ಗೌರವ ಗಳಿಸಿರುವ ತಾವು ಒಂದು ಮಧ್ಯಾಹ್ನ ನನ್ನ ಗಂಡನ ಬದಲಿಗೆ ಅಲ್ ಖರ್ಜ್‌ಗೆ ಹೋಗಿ ತಗಡು ಹೊರಬೇಕು, ಅದಾಗದಿದ್ದರೆ ನಮಗೆ ಕಫೀಲರಾಗಿ ನಿಲ್ಲಬೇಕು.

ಇಲ್ಲಿನ ಪೌರಳಲ್ಲದಿದ್ದರೂ ತಮ್ಮ ವಿಶ್ವಾಸಿ,
ನಳಿನಾಕ್ಷಿ

ಮರೆತ ಮಾತು: ಮೂಗಿಲ್ಲದ ಮುಖದಲ್ಲೇ ಗಡಿ ದಾಟಿ ಬಂದಿದ್ದಕ್ಕೆ ಅಭಿನಂದನೆಗಳು. ಇಕಾಮಾ ನವೀಕರಣಕ್ಕೆ ಕೊಟ್ಟ ಸುಜಿತ್‌ರ ಫೋಟೋವನ್ನು ಎಡಗಿವಿ ಸ್ಪಷ್ಟವಿಲ್ಲವೆಂದು ಕಂಪನಿಯವರು ಹಿಂತಿರುಗಿಸಿದ್ದಾರೆ.