ಗಾಳಿ ತಂದ ಟಾಕಿ

ತನ್ನ ಮನೆಯ ಹಾನಿಯನ್ನು ತಾನೇ ಸಮೀಕ್ಷೆ ಮಾಡಿ ತಾನೇ ಸಹಿ ಹಾಕಬಹುದೆ? ಹಾಕಿದರೆ ಜನ ಏನೆಂದಾರು? ಅಷ್ಟಕ್ಕೂ ಮಾಳಿಗೆಯ ಮೇಲಿನ ನೀರಿನ ಟಾಕಿ ಹಾರಿಹೋದರೆ ಅದು ಹಾನಿಯೋ, ನಾಪತ್ತೆಯೋ?

ಜಾಲಿದೊಡ್ಡಿಯ ಗ್ರಾಮ ಆಡಳಿತಾಧಿಕಾರಿ ಕನಕರಾಜ ಬ್ರಷ್ ಬಾಯಲ್ಲಿಟ್ಟುಕೊಂಡೇ ಯೋಚಿಸುತ್ತಿದ್ದ. ಹಿಂದಿನ ಸಂಜೆ ಅರಕೇರಾ ಕಡೆಯಿಂದ ಬಂದ ಸುಂಟರಗಾಳಿ ಊರ ನಡುವೆ ಮೂರು ನಿಮಿಷ ಗಿರಗಿರ ತಿರುಗಿ, ಯಾರ ಮೈಗೂ ತಗಲದೆ, ದಾರಿ ತಪ್ಪಿ ಬಂದ ನೆಂಟನಂತೆ ಹೊರಟುಹೋಗಿತ್ತು. ಹೋಗುವಾಗ ಅವನ ಖಾಲಿ ಕರಿ ಟಾಕಿಯನ್ನೂ ಎತ್ತಿಕೊಂಡು ಹೋಗಿತ್ತು.

"ನಾಕು ಗಂಟೆಕ್ಕ ನಳ ಬರ್ತದ," ಹೆಂಡತಿ ವಿಜಯಲಕ್ಷ್ಮಿ ಒಳಗಿಂದ ಕೂಗಿದಳು. "ಇವತ್ತ ತುಂಬಲಿಲ್ಲಂದ್ರ ಇನ್ನ ಐದು ದಿನ ನೀರಿಲ್ಲ. ಊರ ಮಂದಿ ಹಾನಿ ಆಮ್ಯಾಲ ಬರಕೊಳ್ಳಿರಂತ. ಮೊದಲ ನಮ್ಮ ಟಾಕಿ ಹುಡುಕ್ರಿ."

"ಹೂಂ," ಎಂದ. ಕನಕರಾಜನ ಮಾತು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಹಾನಿಯ ಪಟ್ಟಿ ಸಂಜೆಯೊಳಗೆ ದೇವದುರ್ಗದ ತಾಲೂಕು ಕಚೇರಿಗೆ ಹೋಗಬೇಕಿತ್ತು. ಗ್ರಾಮ ಸಹಾಯಕ ಮಾರೆಪ್ಪನನ್ನು ಕರೆದುಕೊಂಡು ಹೊರಟ. ಮೊದಲ ಮನೆ ಈರಯ್ಯನದು.

"ಏನೇನ ಹೋಗ್ಯಾದ್ರಿ?"

"ಎಮ್ಮಿ ಉಳದದರಿ, ಸಾಹೇಬ್ರ."

"ಹೋಗಿದ್ದು ಹೇಳ್ರಿ."

"ಕರನೂ ಉಳದದರಿ. ನಮ್ಮಾಕಿ ಅಂಗಳದಾಗ ಇದ್ಲು, ಆಕಿನೂ ಉಳದಾಳ."

"ಹೋಗಿದ್ದು?"

"ಎರಡು ತಗಡು ಹೋಗ್ಯಾವ. ಆ ಇಮಾಮ್ ಬೀ ಆಡಿನ ಗೂಡಿನ ಮ್ಯಾಲ ಕುಂತಾವು. ಕುಂದ್ರಲಿ ಬಿಡ್ರಿ, ಆಡು ಮಳ್ಯಾಗ ನೆನೀತಿದ್ದವು."

ಇಮಾಮ್ ಬೀ ಚಹಾ ತಂದುಕೊಟ್ಟಳು. "ಅಲ್ಲಾನ ಮೆಹರ್ಬಾನಿ, ಬೇಟಾ. ನನಗ ಎರಡು ತಗಡು ಬಂದಾವಂತ ಬರಕೋ."

ಬಂದದ್ದನ್ನು ಬರೆಯಲು ಕಾಗದದಲ್ಲಿ ಜಾಗವಿರಲಿಲ್ಲ. ಮಾರೆಪ್ಪ ಬೀಡಿ ಹಚ್ಚಿದ. "ಸರ, ಗಾಳಿ ಈ ಊರಾಗ ಹಾನಿ ಮಾಡಿಲ್ಲ. ಬರೀ ವರ್ಗಾವಣಿ ಮಾಡ್ಯಾದ."

ಮನೆಯಿಂದ ಮನೆಗೆ ಹೋದಂತೆ ಕನಕರಾಜ ಹಿತ್ತಲಲ್ಲಿ ಬಗ್ಗಿ ನೋಡಿದ, ಬಣವೆಯ ಹಿಂದೆ ಹುಡುಕಿದ, ಹಾಳು ಬಾವಿಗೂ ಇಣುಕಿದ. "ಯಾವ ಸಾಹೇಬ ಇಷ್ಟು ಕಾಳಜಿಲೆ ನೋಡ್ಯಾನ ಹೇಳು!" ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದು ಮೆಚ್ಚಿದರು. ಅಷ್ಟರಲ್ಲಿ ಜಾಲಿಕಂಟಿಯ ಆಚೆ ದುಂಡನೆಯ ಕರಿ ಬೆನ್ನೊಂದು ಕಂಡಿತು. ಓಡಿಹೋಗಿ ಎರಡೂ ಕೈಯಿಂದ ಹಿಡಿದುಕೊಂಡ. ಈರಯ್ಯನ ಉಳಿದ ಎಮ್ಮೆ ಅದು. ಎದ್ದು ಒಮ್ಮೆ ಮೈ ಕೊಡವಿತು. ಕನಕರಾಜ ಪಕ್ಕದ ತಿಪ್ಪೆಗೆ ಬಿದ್ದು ಸೊಂಟದವರೆಗೂ ಇಳಿದ.

"ಎಮ್ಮಿಗೆ ಗಾಯ ಆಗ್ಯಾದೇನಂತ ನೋಡಾಕ ಹೋಗಿದ್ರು," ಎಂದು ಮಾರೆಪ್ಪ ನೆರೆದವರಿಗೆ ವಿವರಿಸಿದ. "ಹಂಗೇ ಮುಂಜಾನಿಂದ ಒಂದು ಟಾಕಿನೂ ಹುಡುಕಾಕತ್ತಾರ."

ಮೂರೂವರೆಗೆ ಕೊನೆಯ ಮನೆ, ಪಕೀರಮ್ಮನದು. ಒಂಟಿ ಮುದುಕಿ. ಸೂರಿನ ಕೆಳಗೆ ಕಲ್ಲಿನ ಮೇಲೆ ಕರಿ ಟಾಕಿ ನಿಂತಿತ್ತು. ಮೈಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಅವಳ ಓಣಿಗೆ ಬೆಳಿಗ್ಗೆಯೇ ನಳ ಬಂದಿತ್ತು. ಟಾಕಿ ತುಂಬಿ ತುಳುಕುತ್ತಿತ್ತು.

ಕನಕರಾಜನಿಗೆ ಅಳುವಷ್ಟು ಸಂತೋಷವಾಯಿತು.

"ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ!" ಪಕೀರಮ್ಮ ಕೈ ಮುಗಿದಳು. "ಮೂರು ವರ್ಷದ ಕೆಳಗ ಟಾಕಿ ಬೇಕಂತ ನಿನ್ನ ಕೈಯಾಗ ಅರ್ಜಿ ಕೊಟ್ಟಿದ್ದೆ. ಮರತಿ ಅನಕೊಂಡಿದ್ದೆ. ಲಾರ್ಯಾಗ ಬರ್ತದಂತ ದಾರಿ ಕಾಯ್ತಿದ್ರ, ನೀ ಗಾಳ್ಯಾಗ ಕಳಿಸಿದಿ!"

ಆ ಅರ್ಜಿ ಈಗಲೂ ನಾಲ್ಕು ಮಡಿಕೆಯಾಗಿ ಅವನ ಬೈಕಿನ ಪೆಟ್ಟಿಗೆಯಲ್ಲೇ ಇತ್ತು.

"ದಿನಾ ಬೋರಿನ ತನಕ ಮೂರು ಸರ್ತಿ ಹೋಗ್ತಿದ್ದೆ. ಇವತ್ತ ಒಂದ್ಸರ್ತಿನೂ ಹೋಗಿಲ್ಲ. ಈ ಮೊಣಕಾಲ ಕೇಳು, ಅದೂ ನಿನಗ ಶರಣು ಅಂತದ."

ಇದು ತನ್ನ ಮನೆಯದೆಂದು ಹೇಳಲು ಅವನು ಬಾಯಿ ತೆರೆದ. ಪಕೀರಮ್ಮ ಅದರೊಳಗೆ ಬೆಲ್ಲದ ಚೂರು ಇಟ್ಟಳು.

"ಸರ, ಇದನ್ನ ಹೆಂಗ ಬರೀಲಿ?" ಎಂದ ಮಾರೆಪ್ಪ.

ಬೆಲ್ಲ ಕರಗಲು ಹೊತ್ತು ಹಿಡಿಯಿತು. "ಸರಕಾರದಿಂದ ಕೊಟ್ಟಿದ್ದು. ಹಾನಿ ಇಲ್ಲ. ಹಂಗಂತ ಬರಿ."

ಫೋಟೊ ತೆಗೆದ, ಸಹಿ ಹಾಕಿದ, ಪಟ್ಟಿಯನ್ನು ಅಲ್ಲಿಂದಲೇ ಫೋನಿನಲ್ಲಿ ದೇವದುರ್ಗಕ್ಕೆ ಕಳಿಸಿದ. ಐದು ದಿನ ನೀರಿಲ್ಲ ಎಂಬುದನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಮನೆಯತ್ತ ನಡೆದ. ಆದರೂ ಮನಸ್ಸು ಹಗುರಾಗಿತ್ತು. ನೌಕರಿಗೆ ಸೇರಿದಾಗಿನಿಂದ ಯಾರೂ ಅವನಿಗೆ ಹೀಗೆ ಕೈ ಮುಗಿದಿರಲಿಲ್ಲ.

ಅಂಗಳದಲ್ಲಿ ಕರಿ ಟಾಕಿ ಕುಳಿತಿತ್ತು.

"ಹಿತ್ತಲ ಹಳ್ಳದಾಗ ಬಿದ್ದಿತ್ತು," ಎಂದಳು ವಿಜಯಲಕ್ಷ್ಮಿ. "ಊರೆಲ್ಲ ತಿರಿಗಿದ್ರಿ, ಮನಿ ಹಿಂದ ನೋಡಲಿಲ್ಲ. ನಿಲ್ರಿ, ಮ್ಯಾಲ ಏರಸಾಕ ಬಾಜು ಮನಿ ಮೌನೇಶನ್ನ ಕರಕೊಂಡು ಬರ್ತೀನಿ."

ಅವಳು ಹೋದಳು. ಕನಕರಾಜ ಟಾಕಿಯನ್ನು ಮುಟ್ಟಿ ನೋಡಿದ. ಇದು ತನ್ನದಾದರೆ, ಅದು ಯಾರದು?

"ಸಾಹೇಬ್ರ!" ಹಿಟ್ಟಿನ ಗಿರಣಿಯ ಗಡಿಗೆಪ್ಪ ಎರಡಾಳು ಕರೆದುಕೊಂಡು ಓಡಿಬಂದ. "ನಿನ್ನೆಯಿಂದ ಮಾನ್ವಿಯಾಗ ಇದ್ದೆ. ಬಂದು ನೋಡ್ತೀನಿ, ಗಿರಣಿ ಮ್ಯಾಲ ಟಾಕಿ ಇಲ್ಲ! ಮಾರೆಪ್ಪ ಅಂದ, ಸಾಹೇಬ್ರು ಮುಂಜಾನಿಂದ ನಿನ್ನ ಟಾಕಿಗಾಗಿ ತಿಪ್ಪ್ಯಾಗ ಸೈತ ಇಳದಾರಂತ!" ಅಂಗಳದ ಟಾಕಿ ಕಂಡು ಅವನ ಕಣ್ಣಲ್ಲಿ ನೀರಾಡಿತು. "ನನ್ನ ತಮ್ಮನೂ ಇಷ್ಟು ಮಾಡ್ತಿದ್ದಿಲ್ಲರಿ."

ಕನಕರಾಜ ಬಾಯಿ ತೆರೆದ. ಇದು ನಿಮ್ಮದಲ್ಲ ಎಂದರೆ, ಹಾಗಾದರೆ ನನ್ನದೆಲ್ಲಿ ಎಂದು ಗಡಿಗೆಪ್ಪ ಕೇಳುತ್ತಾನೆ. ಅವನದು ಪಕೀರಮ್ಮನ ಸೂರಿನ ಕೆಳಗೆ, ಸರಕಾರದ ಹೆಸರಿನಲ್ಲಿ, ಕನಕರಾಜನ ಸಹಿಯ ಬಲದ ಮೇಲೆ ನಿಂತಿದೆ.

ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಳುಗಳು ಟಾಕಿಯನ್ನು ಹೊತ್ತರು. ಗಡಿಗೆಪ್ಪ ತಿಪ್ಪೆಯ ವಾಸನೆಯನ್ನೂ ಲೆಕ್ಕಿಸದೆ ಅವನನ್ನು ಅಪ್ಪಿಕೊಂಡು ಹೋದ.

ನಾಲ್ಕಕ್ಕೆ ನಳ ಗೊಳಗೊಳ ಎಂದಿತು. ವಿಜಯಲಕ್ಷ್ಮಿ ಮೌನೇಶನೊಡನೆ ಬಂದಾಗ ಕನಕರಾಜ ಕೊಡ, ಬಕೆಟ್ಟು, ಕುಕ್ಕರು, ಕೊನೆಗೆ ಚಹಾದ ಲೋಟಗಳನ್ನೂ ಸಾಲಾಗಿಟ್ಟು ತುಂಬಿಸುತ್ತಿದ್ದ.

"ಟಾಕಿ ಎಲ್ರಿ?"

"ಹೂಂ," ಎಂದ.

ಹೊತ್ತೊಯ್ದದ್ದು ತನ್ನ ಟಾಕಿ ಎಂದು ಅವನು ಗಡಿಗೆಪ್ಪನಿಗೆ ಎಂದೂ ಹೇಳಲಿಲ್ಲ.